ಗೇರ್ ಕಟಕಟ ಅಂತಿದೆಯಾ?

ಪೆಡಲ್ ತುಳಿದಾಗ ಹಿಂದಿನಿಂದ ಕಟಕಟ ಸದ್ದು ಬರ್ತಿದೆಯಾ? ಸ್ಕ್ರೂಡ್ರೈವರ್ ಕೆಳಗಿಡಿ. ಮೊದಲು ಸೈಕಲ್ಲಿನ ಹಿಂದೆ ಕೂತು ನೋಡಿ. ಗೇರ್ ಬದಲಿಸೋ ಡಿರೇಲರ್‌ನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲುಚಕ್ರದ ನೇರಕ್ಕೇ ಇವೆಯಾ? ಸೈಕಲ್ ಬಲಕ್ಕೆ ಬಿದ್ದಿದ್ರೆ ಡಿರೇಲರನ್ನು ಹಿಡಿದಿರೋ ಹ್ಯಾಂಗರ್ ಬಾಗಿರಬಹುದು. ಹಾಗಿದ್ರೆ ಏನು ತಿರುಗಿಸಿದ್ರೂ ಪ್ರಯೋಜನವಿಲ್ಲ, ಅಂಗಡಿಗೆ ಒಯ್ಯಿರಿ.

ನೇರವಾಗಿದ್ರೆ, ತೊಂದರೆ ಹೆಚ್ಚಾಗಿ ಕೇಬಲ್‌ನದು. ಹೊಸ ಕೇಬಲ್ ಸ್ವಲ್ಪ ದಿನಕ್ಕೆ ಸಡಿಲಾಗೋದು ಸಹಜ. ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸ್ತಾ ಗೇರ್ ಬದಲಿಸಿ. ಚೈನ್ ದೊಡ್ಡ ಹಲ್ಲುಚಕ್ರ ಏರೋಕೆ ತಡಮಾಡ್ತಿದ್ರೆ, ಕೇಬಲ್ ಡಿರೇಲರ್ ಸೇರೋ ಕಡೆ ಇರುವ ಬ್ಯಾರಲ್ ಅಡ್ಜಸ್ಟರನ್ನು ಹಿಂದಿನಿಂದ ನೋಡ್ತಾ ಅಪ್ರದಕ್ಷಿಣವಾಗಿ ತಿರುಗಿಸಿ. ಕಾಲು ಸುತ್ತು ಸಾಕು, ಮತ್ತೆ ಪರೀಕ್ಷಿಸಿ. ಇಳಿಯೋಕೆ ತಡಮಾಡಿದ್ರೆ ಪ್ರದಕ್ಷಿಣವಾಗಿ.

ಡಿರೇಲರ್ ಮೇಲೆ ‘ಎಲ್’ ಅಂತ ಬರೆದಿರುವ ಸ್ಕ್ರೂ ಮಾತ್ರ ಸುಮ್ಮನೆ ಮುಟ್ಟಬೇಡಿ. ಅದು ಅತಿಯಾಗಿ ಸಡಿಲಾದ್ರೆ ಚೈನ್ ಸ್ಪೋಕ್‌ಗಳಿಗೆ ಸಿಕ್ಕಿಕೊಳ್ಳುತ್ತೆ.