ಐಟಿ ಸೀಟು ಸಿಕ್ತು, ಸರಿ, ಓದೋದು ಏನನ್ನ?

ಪಿಯುಸಿ ಫಲಿತಾಂಶ ಬಂತೆಂದರೆ ದಾವಣಗೆರೆಯ ಅಂಗಡಿ ಸಾಲುಗಳಲ್ಲಿ ಒಂದೇ ಮಾತು. "ಹುಡುಗನ್ನ ಯಾವುದಕ್ಕೆ ಹಾಕ್ತೀರಿ?" ಎಂದರೆ "ಕಂಪ್ಯೂಟರಿಗೆ" ಎಂಬ ಉತ್ತರ ಸಿದ್ಧ. ಕಂಪ್ಯೂಟರಿನಲ್ಲಿ ಏನು ಅಂತ ಕೇಳಿ ನೋಡಿ. ಅಪ್ಪ ಮಗನ ಮುಖ ನೋಡ್ತಾನೆ, ಮಗ ಅಪ್ಪನ ಮುಖ ನೋಡ್ತಾನೆ. ಸಾಲದ ಅರ್ಜಿ ಮಾತ್ರ ಆಗಲೇ ಬ್ಯಾಂಕು ಸೇರಿರುತ್ತದೆ!

1951ರಲ್ಲೇ ಇಂಜಿನಿಯರಿಂಗ್ ಕಾಲೇಜು ಕಂಡ ಊರು ನಮ್ಮದು. ಸಿವಿಲ್ ಓದಿದವನು ಸೇತುವೆ ತೋರಿಸುತ್ತಾನೆ, ಮೆಕ್ಯಾನಿಕಲ್ ಓದಿದವನು ಮಿಷನ್ನು ತೋರಿಸುತ್ತಾನೆ. ನೆಟ್‌ವರ್ಕು, ಮಾಹಿತಿ ತಂತ್ರಜ್ಞಾನ ಓದಿದವನು ಏನು ತೋರಿಸಬೇಕು?

ನಿಮ್ಮ ಗಲ್ಲಾಪೆಟ್ಟಿಗೆ ಪಕ್ಕದ ಕ್ಯೂಆರ್ ಚೀಟಿಯನ್ನೇ ತೋರಿಸಬಹುದು. ಗಿರಾಕಿ ಇಪ್ಪತ್ತು ರೂಪಾಯಿ ಒತ್ತುತ್ತಾನೆ. ಆ ಸಂದೇಶ ಅವನ ಫೋನಿನಿಂದ ಟವರಿಗೆ, ಅಲ್ಲಿಂದ ನೆಲದೊಳಗಿನ ಕೇಬಲ್ಲಿಗೆ, 2016ರಲ್ಲಿ ಶುರುವಾದ ಯುಪಿಐ ವ್ಯವಸ್ಥೆಗೆ, ಎರಡೂ ಬ್ಯಾಂಕುಗಳಿಗೆ ಹೋಗಿ ಬರುವಷ್ಟರಲ್ಲಿ ನಿಮ್ಮ ಡಬ್ಬಿ ಕೂಗುತ್ತದೆ. ದಾರಿಯಲ್ಲಿ ಸಂದೇಶ ಕಳೆದರೆ ಏನು ಮಾಡಬೇಕು? ಒಂದೇ ಹಣ ಎರಡು ಸಲ ಕಟ್ ಆಗದಂತೆ ತಡೆಯೋದು ಹೇಗೆ? ಕಳ್ಳರು ಓದದಂತೆ ಬೀಗ ಹಾಕೋದು ಹೇಗೆ? ಇದೇ ಸ್ವಾಮಿ, ಆ ಓದು.

ದಿಬ್ಬಣದ ಲೆಕ್ಕ

ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ದೊಡ್ಡ ದಿಬ್ಬಣ ಒಂದೇ ಬಸ್ಸಿಗೆ ಹಿಡಿಸೋದಿಲ್ಲ. ನಾಲ್ಕು ಬಸ್ಸಿಗೆ ನಂಬರು ಬರೆದು ಬಿಡುತ್ತೀರಿ. ಒಂದು ಹರಿಹರದ ಮೇಲೆ ಬರುತ್ತದೆ, ಇನ್ನೊಂದು ಸುತ್ತಿ ಬರುತ್ತದೆ. ಛತ್ರದ ಬಾಗಿಲಲ್ಲಿ ನಿಂತವನು ನಂಬರು ಎಣಿಸುತ್ತಾನೆ. ಮೂರನೆಯದು ಬರಲಿಲ್ಲವೇ? ಊರಿಗೆ ಹೇಳಿಕಳಿಸುತ್ತಾನೆ. ಇಂಟರ್‌ನೆಟ್ಟಿನಲ್ಲಿ ಮಾಹಿತಿ ಹೋಗುವುದೂ ಹೀಗೇ, ತುಂಡು ತುಂಡಾಗಿ. ಬಾರದ ತುಂಡನ್ನು ಮತ್ತೆ ಕಳಿಸುತ್ತಾರೆ. ಈ ಪದ್ಧತಿಯನ್ನು ಅಮೆರಿಕದ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಬರೆದಿಟ್ಟರು. ಇವತ್ತಿಗೂ ಪಾಠದ ಬುನಾದಿ ಅದೇ.

ಲೆಕ್ಕಕ್ಕೆ ಹೆದರುವವರಿಗೆ ಇಲ್ಲಿ ಕಷ್ಟ. ಜಾಲದ ಹಳೇ ವಿಳಾಸ 32 ಬಿಟ್ಟಿನದು. ಅದರಲ್ಲಿ ಸುಮಾರು 429 ಕೋಟಿ ವಿಳಾಸ ಮಾತ್ರ ಸಾಧ್ಯ. ಜಗತ್ತಿನ ಜನವೇ 800 ಕೋಟಿ ದಾಟಿದೆ. ಅದಕ್ಕೇ 128 ಬಿಟ್ಟಿನ ಹೊಸ ವಿಳಾಸ ಬಂತು. ಸೊನ್ನೆ ಮತ್ತು ಒಂದರಲ್ಲೇ ಈ ವಿಳಾಸಗಳನ್ನು ಪಾಲು ಮಾಡಿ ಹಂಚುವುದನ್ನು ವಿದ್ಯಾರ್ಥಿ ಕಲಿಯಬೇಕು.

ದಾರಿಗಳು ಮೂರು

ಪಿಯುಸಿಯಲ್ಲಿ ವಿಜ್ಞಾನ ಓದಿ, ಸಿಇಟಿ ಬರೆದು ನಾಲ್ಕು ವರ್ಷದ ಬಿಇ ಸೇರುವುದು ಒಂದು. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೇ ಹೋಗುವುದು ಇನ್ನೊಂದು. ಮೂರನೆಯದು ಮೂರು ವರ್ಷದ ಬಿಸಿಎ. ವಾಣಿಜ್ಯ ಓದಿದವರಿಗೂ ಹಲವು ಕಡೆ ಇದಕ್ಕೆ ಅವಕಾಶವುಂಟು. ಆಯಾ ವಿಶ್ವವಿದ್ಯಾಲಯದ ಷರತ್ತು ಮೊದಲೇ ನೋಡಿಕೊಳ್ಳಬೇಕು.

ಬಿಇ ಸೇರುವವರಲ್ಲಿ ಒಂದು ಜಗಳ: ಕಂಪ್ಯೂಟರ್ ಸೈನ್ಸೋ, ಇನ್ಫರ್ಮೇಷನ್ ಸೈನ್ಸೋ? ಎರಡರಲ್ಲೂ ನೆಟ್‌ವರ್ಕ್ ಪಾಠ ಬರುತ್ತದೆ, ಬಹಳಷ್ಟು ವಿಷಯಗಳೂ ಒಂದೇ. ಬರೀ ಹೆಸರಿಗಾಗಿ ಲಕ್ಷಗಟ್ಟಲೆ ಹೆಚ್ಚು ಸುರಿದು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಮುಂಚೆ ಎರಡರ ಪಠ್ಯಕ್ರಮವನ್ನೂ ಪಕ್ಕ ಪಕ್ಕ ಇಟ್ಟು ಓದಿ.

ಲ್ಯಾಬಿನ ಬಾಗಿಲು ತೆಗೆಸಿ

ಕಾಲೇಜು ನೋಡಲು ಹೋದಾಗ ಕಟ್ಟಡದ ಗಾಜು ನೋಡಿ ಮರುಳಾಗಬೇಡಿ. ಲ್ಯಾಬು ತೋರಿಸಿ ಅನ್ನಿ. ಹುಡುಗರು ಕೇಬಲ್ಲಿನ ಎಂಟು ತಂತಿಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಿ ತಾವೇ ಪಿನ್ನು ಕೂರಿಸುತ್ತಾರೋ, ಇಲ್ಲಾ ಮೇಷ್ಟ್ರು ಮಾಡೋದನ್ನ ನಿಂತು ನೋಡುತ್ತಾರೋ ಕೇಳಿ. ಈ ಕೇಬಲ್ಲು ನೂರು ಮೀಟರಿನ ಆಚೆಗೆ ಸರಿಯಾಗಿ ಕೆಲಸ ಮಾಡೋದಿಲ್ಲ ಅನ್ನೋದನ್ನ ಪುಸ್ತಕದಲ್ಲಿ ಓದುವುದೇ ಬೇರೆ, ಎಳೆದು ನೋಡಿ ತಿಳಿಯುವುದೇ ಬೇರೆ. ಬರೀ ರೆಕಾರ್ಡ್ ಪುಸ್ತಕ ಕಾಪಿ ಹೊಡೆದವನಿಗೆ ಸರ್ಟಿಫಿಕೇಟು ಸಿಗುತ್ತದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

ತೊಗರಿಬೇಳೆ ಕೊಳ್ಳುವಾಗ ಮುಷ್ಟಿ ತುಂಬ ತೆಗೆದು ಬೆಳಕಿಗೆ ಹಿಡಿಯುವವರು ನೀವು. ನಾಲ್ಕು ವರ್ಷದ ಓದು ಕೊಳ್ಳುವಾಗ ಅಷ್ಟಾದರೂ ಮಾಡಬೇಡವೇ?