ಡ್ರ್ಯಾಗ್ ಪಂದ್ಯದ ಕಾರು: ಮುಂದಿನ ಗಾಲಿಗಳಿಗೆ ಏಕಿಷ್ಟು ಕಟ್ಟಳೆ?

ಎತ್ತಿನ ಗಾಡಿ ಹೂಡಿ ಗೊತ್ತಿದ್ದವರಿಗೆ ಹಿಂಬಾರ, ಮುಂಬಾರ ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. ಮೂಟೆಗಳನ್ನು ಹಿಂದಕ್ಕೆ ಹೇರಿದರೆ ಮೂಕಿ ಮೇಲಕ್ಕೇಳುತ್ತದೆ, ನೊಗ ಎತ್ತುಗಳ ಹೆಗಲು ಬಿಡುತ್ತದೆ. ಆಗ ಗಾಡಿಯವನು ತಾನೇ ಮುಂದಕ್ಕೆ ಸರಿದು ಕೂತು ಭಾರವನ್ನು ಸರಿದೂಗಿಸುತ್ತಾನೆ. ಊರು ಬಿಟ್ಟು ಪಟ್ಟಣ ಸೇರಿದ ನಮ್ಮಲ್ಲಿ ಅನೇಕರು ಇದನ್ನು ಕಣ್ಣಾರೆ ಕಂಡವರೇ. ಅಮೆರಿಕದ ಡ್ರ್ಯಾಗ್ ಪಂದ್ಯಗಳಲ್ಲಿ ಓಡುವ ಕಾರುಗಳ ಮುಂದಿನ ಸಸ್ಪೆನ್ಷನ್ನಿಗೆ ಹಾಕಿರುವ ಕಟ್ಟಳೆಗಳ ಮೂಲದಲ್ಲಿರುವುದೂ ಇದೇ ಹಿಂಬಾರದ ವಿಷಯ. ಮುಂದಿನ ಎರಡೂ ಗಾಲಿಗಳನ್ನು ಗಾಳಿಯಲ್ಲಿ ಎತ್ತಿ ಹೊರಟ ಕಾರಿನ ಚಿತ್ರವನ್ನು ನೋಡಿ, ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಕೆಲವು ತರುಣ ವಾಚಕರು ಕೇಳುವುದುಂಟು: ನೆಲವನ್ನೇ ಮುಟ್ಟದ ಗಾಲಿಗೆ ಸ್ಪ್ರಿಂಗು ಯಾಕೆ, ಷಾಕ್ ಅಬ್ಸಾರ್ಬರ್ ಯಾಕೆ? ಕಿತ್ತು ಬಿಸಾಡಿದರೆ ಕಾರು ಹಗುರಾಗುವುದಿಲ್ಲವೆ? ಪ್ರಶ್ನೆ ಜಾಣತನದ್ದೇ. ಉತ್ತರ ಸ್ವಲ್ಪ ಉದ್ದ.

ಈ ಪಂದ್ಯದಲ್ಲಿ ತಿರುವು ಎಂಬುದಿಲ್ಲ. ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತು, ದೀಪ ಹಸಿರಾದೊಡನೆ ನಿಂತಲ್ಲಿಂದ ನೇರವಾಗಿ ಓಡುತ್ತವೆ. ದಾರಿಯ ಉದ್ದ ಕಾಲು ಮೈಲಿ, ಎಂದರೆ ಎರಡು ಫರ್ಲಾಂಗು, 1320 ಅಡಿ. (ಅತ್ಯಂತ ವೇಗದ ಎರಡು ವರ್ಗಗಳಿಗೆ 2008ರಲ್ಲಿ ನಡೆದ ಒಂದು ಸಾವಿನ ನಂತರ ಇದನ್ನು 1000 ಅಡಿಗೆ ಇಳಿಸಿದರು.) ಈ ಆಟಕ್ಕೆ ಕಟ್ಟುಪಾಡು ತಂದ ಮುಖ್ಯ ಸಂಸ್ಥೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್. ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಸ್ಥಾಪಿಸಿದರು. ಬೀದಿಗಳಲ್ಲಿ ಪ್ರಾಣ ಪಣಕ್ಕಿಟ್ಟು ಓಡಿಸುತ್ತಿದ್ದ ಹುಡುಗರನ್ನು ಒಂದು ಬೇಲಿಯೊಳಗಿನ ದಾರಿಗೆ ತರುವುದು ಆಗಿನ ಉದ್ದೇಶ.

ಇನ್ನು ಭಾರದ ಲೆಕ್ಕ. ಬಸ್ಸು ಥಟ್ಟನೆ ಹೊರಟಾಗ ನಿಂತಿದ್ದವರು ಹಿಂದಕ್ಕೆ ವಾಲುತ್ತಾರಷ್ಟೆ. ಕಾರಿನ ಭಾರವೂ ಹಾಗೆಯೇ ಹಿಂದಿನ ಗಾಲಿಗಳ ಮೇಲೆ ಒರಗುತ್ತದೆ. 1400 ಕಿಲೋ ತೂಕದ ಒಂದು ಕಾರನ್ನು ತೆಗೆದುಕೊಳ್ಳೋಣ. ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ 2.8 ಮೀಟರು, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರ ಎನ್ನಿ. ಸೆಕೆಂಡಿಗೆ ಗಂಟೆಗೆ 35 ಕಿಲೋಮೀಟರಿನಷ್ಟು ವೇಗ ಕೂಡಿಕೊಳ್ಳುವಂತೆ ಅದು ಹೊರಟರೆ, 250 ಕಿಲೋ ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಅದರ ಎರಡರಷ್ಟು ರಭಸದಲ್ಲಿ ಹೊರಟರೆ 500 ಕಿಲೋ. ನಿಂತಾಗ ಮುಂದಿನ ಗಾಲಿಗಳ ಮೇಲೆ 770 ಕಿಲೋ ಇದ್ದರೆ, ಈಗ ಉಳಿಯುವುದು 270 ಮಾತ್ರ. ರಭಸ ಇನ್ನೂ ಹೆಚ್ಚಿ ಮೂರರಷ್ಟನ್ನು ಮೀರಿದರೆ ಮುಂದಿನ ಗಾಲಿ ನೆಲ ಬಿಡುತ್ತದೆ.

ಹಿಂದಿನ ಗಾಲಿಯಿಂದ ಓಡುವ ಕಾರಿಗೆ ಇದು ವರವೇ ಸರಿ. ತಳ್ಳುವ ಗಾಲಿಯ ಮೇಲೆ ಭಾರ ಬಿದ್ದಷ್ಟೂ ಟಯರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಈ ಕಾರಣಕ್ಕೇ ಪಂದ್ಯದವರು ಮೂತಿ ಬೇಗ ಏಳಲೆಂದು ಹವಣಿಸುತ್ತಾರೆ. ಮೆತ್ತಗಿನ ಉದ್ದ ಸ್ಪ್ರಿಂಗು ಹಾಕುತ್ತಾರೆ. ಏಳುವಾಗ ಸಡಿಲವಾಗಿಯೂ ಇಳಿಯುವಾಗ ಬಿಗಿಯಾಗಿಯೂ ಇರುವ ಷಾಕ್ ಜೋಡಿಸುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಮೆತ್ತಗಿನ ಸ್ಪ್ರಿಂಗೇ ಭಾರವನ್ನು ಹಿಂದಕ್ಕೆ ಕಳುಹಿಸುತ್ತದೆಂದು ಹಲವರು ನಂಬಿದ್ದಾರೆ. ಹಾಗಲ್ಲ. ಎಷ್ಟು ಭಾರ ಸರಿಯಬೇಕೆಂಬುದನ್ನು ಗೊತ್ತುಮಾಡುವುವು ಹೊರಡುವ ರಭಸ, ಕಾರಿನ ತೂಕ, ಭಾರಕೇಂದ್ರದ ಎತ್ತರ, ಅಚ್ಚುಗಳ ನಡುವಿನ ದೂರ, ಈ ನಾಲ್ಕೇ. ಸ್ಪ್ರಿಂಗು ಮತ್ತು ಷಾಕ್‌ಗಳ ಕೈಯಲ್ಲಿರುವುದು ಅದು ಎಷ್ಟು ಬೇಗ, ಎಷ್ಟು ನಯವಾಗಿ ಸರಿಯುತ್ತದೆಂಬುದು, ಮತ್ತು ಮೂತಿ ಎದ್ದು ಭಾರಕೇಂದ್ರವೇ ತುಸು ಮೇಲೇರುವುದು.

ಎತ್ತರ ಲಾಭಕರವೆಂದು ಗೊತ್ತಾದೊಡನೆ ಅತಿಗೆ ಹೋಗುವವರು ಹುಟ್ಟದಿರುತ್ತಾರೆಯೆ? 1950 ಮತ್ತು 60ರ ದಶಕಗಳ ‘ಗ್ಯಾಸರ್’ ಕಾರುಗಳು ಮುಂದೆ ಲಾರಿಯಂಥ ನೇರ ಅಚ್ಚು ಹಾಕಿಸಿಕೊಂಡು ಕೊಕ್ಕರೆಯ ಹಾಗೆ ಎತ್ತರವಾಗಿ ನಿಲ್ಲುತ್ತಿದ್ದುವು. ಆಗ ನಿಯಮ ಬಂದಿತು: ಎಂಜಿನ್ನಿನ ಕ್ರ್ಯಾಂಕ್ ದಂಡದ ನಡುಗೆರೆ ನೆಲದಿಂದ 24 ಇಂಚಿಗಿಂತ ಮೇಲಿರಕೂಡದು. 1965ರಲ್ಲಿ ಕ್ರೈಸ್ಲರ್ ಕಂಪನಿಯು ಇನ್ನೊಂದು ದಾರಿ ಹಿಡಿದು, ಕೆಲವು ಡಾಡ್ಜ್ ಮತ್ತು ಪ್ಲಿಮತ್ ಕಾರುಗಳ ಗಾಲಿಗಳನ್ನೇ ಮುಂದಕ್ಕೆ ಸರಿಸಿಬಿಟ್ಟಿತು. ಗಾಲಿ ಮುಂದೆ ಹೋದರೆ ಗಾಡಿ ಹಿಂಬಾರವಾಗಲೇಬೇಕು! ಸಂಸ್ಥೆ ಆ ಕಾರುಗಳನ್ನು ಆ ವರ್ಗಕ್ಕೆ ಸೇರಿಸಲೊಪ್ಪಲಿಲ್ಲ. ಅವುಗಳ ವಿಚಿತ್ರ ರೂಪವನ್ನು ಕಂಡು ಜನ ಇಟ್ಟ ‘ಫನ್ನಿ ಕಾರ್’ ಎಂಬ ಹೆಸರು ಮಾತ್ರ ಉಳಿದು, ಮುಂದೆ ಒಂದು ವರ್ಗದ ಹೆಸರೇ ಆಯಿತು.

ಎದ್ದದ್ದು ಇಳಿಯಲೇಬೇಕಷ್ಟೆ. ಕಟ್ಟಳೆಗಳ ನಿಜವಾದ ಚಿಂತೆ ಅಲ್ಲಿದೆ. ಗಾಲಿ ಗಾಳಿಯಲ್ಲಿರುವಾಗ ಸ್ಟೀಯರಿಂಗು ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ಆದರೆ ಸ್ವಲ್ಪ ಓರೆಯಾಗಿದ್ದ ಗಾಲಿ ನೆಲ ಮುಟ್ಟಿದ ಕ್ಷಣದಲ್ಲೇ ಕಾರು ಆ ಕಡೆಗೆ ನುಗ್ಗುತ್ತದೆ. ಒಂದು ಪಕ್ಕದಲ್ಲಿ ಗೋಡೆ, ಇನ್ನೊಂದು ಪಕ್ಕದಲ್ಲಿ ಎದುರಾಳಿ. ಸ್ಪ್ರಿಂಗಿದ್ದು ಷಾಕ್ ಸತ್ತಿದ್ದರೆ ಗಾಲಿ ಚೆಂಡಿನಂತೆ ಪುಟಿಯುತ್ತದೆ. ಪುಟಿಯುವ ಗಾಲಿ ದಾರಿ ತೋರದು, ಬ್ರೇಕನ್ನೂ ಹಿಡಿಯದು. ಆದ್ದರಿಂದ ಸಂಸ್ಥೆಯ ನಿಯಮ ಹೀಗಿದೆ: ಸ್ಪ್ರಿಂಗಿನ ಮೇಲೆ ಕೂತ ಪ್ರತಿಯೊಂದು ಗಾಲಿಗೂ ಕೆಲಸ ಮಾಡುವ ಷಾಕ್ ಒಂದಾದರೂ ಇರಬೇಕು. ವರ್ಗದ ನಿಯಮ ಬೇರೆ ಹೇಳದ ಹೊರತು ಅಚ್ಚನ್ನು ಚಾಸಿಗೆ ಬಿಗಿದು ಕೂರಿಸುವಂತಿಲ್ಲ. ಮೋಟಾರು ತಯಾರಕರು ಬಳಸುವ ಬಗೆಯ ಸಸ್ಪೆನ್ಷನ್ನೇ ಇರಬೇಕು. ಎಡದ ಮತ್ತು ಬಲದ ಅಚ್ಚುದೂರಗಳಲ್ಲಿ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಸಲ್ಲದು. ಮೂತಿಯಿಂದ ಮುಂದಿನ ಅಚ್ಚಿನ ಹಿಂದೆ 12 ಇಂಚಿನವರೆಗೆ, ಎಣ್ಣೆಯ ಚೇಂಬರು ಮತ್ತು ಎಕ್ಸಾಸ್ಟ್ ಕೊಳವೆಗಳನ್ನು ಬಿಟ್ಟು, ನೆಲದಿಂದ ಮೂರು ಇಂಚು ತೆರವಿರಬೇಕು.

ಯಾವ ವರ್ಗಕ್ಕೂ ವಿನಾಯಿತಿ ಇಲ್ಲದ ಇನ್ನೊಂದು ನಿಯಮವುಂಟು. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಮುಂದಿನ ಗಾಲಿಗಳಿಗೆ ಸಾಕಷ್ಟು ‘ಕ್ಯಾಸ್ಟರ್’ ಇರಬೇಕು. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ, ಮೇಲ್ತುದಿ ಸವಾರನ ಕಡೆಗೆ ವಾಲಿ ಓರೆಯಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಕೈ ಬಿಟ್ಟರೂ ಸೈಕಲ್ಲು ನೇರವಾಗಿ ಸಾಗುವುದಕ್ಕೆ ಆ ಓರೆಯ ನೆರವೂ ಉಂಟು. ಕಾರಿನಲ್ಲಿಯೂ ಅಂಥ ಓರೆ ಇದ್ದರೆ, ನೆಲಕ್ಕಿಳಿದ ಗಾಲಿ ತಾನಾಗಿ ನೇರ ದಾರಿಗೆ ಮರಳುತ್ತದೆ.

ಮೂತಿ ಅತಿಯಾಗಿ ಏಳದಂತೆ ಕಾರಿನ ಹಿಂಬದಿಗೆ ಚಿಕ್ಕ ಗಾಲಿಗಳುಳ್ಳ ‘ವ್ಹೀಲೀ ಬಾರ್’ ಎಂಬ ಕೋಲು ಕಟ್ಟುವುದುಂಟು. ಗಾಡಿಗೆ ಊರುಗೋಲು ಕೊಟ್ಟ ಹಾಗೆ. ಅದರ ಗಾಲಿಗಳು ಲೋಹದವಾಗಿರಕೂಡದು. ಊರುಗೋಲಿನ ಮೇಲೆ ಹೆಚ್ಚು ಭಾರ ಬಿದ್ದರೆ ಟಯರಿನ ಹಿಡಿತ ಅಷ್ಟಕ್ಕಷ್ಟೇ ಕಡಮೆಯಾಗುವುದರಿಂದ, ಬಲ್ಲವರು ಅದನ್ನೇ ನಂಬಿ ಕೂರುವುದಿಲ್ಲ.

ಮೂತಿ ಎತ್ತುವ ಆಸೆಗೆ ಗಡಿಯಾರವೂ ಒಂದು ಲಗಾಮು. ಹೊರಡುವ ಗೆರೆಯಲ್ಲಿ ನೆಲದ ಹತ್ತಿರ ಅಡ್ಡಲಾಗಿ ಹಾಯುವ ಬೆಳಕಿನ ಕಿರಣವನ್ನು ಮುಂದಿನ ಟಯರು ತಡೆದು ನಿಂತಿರುತ್ತದೆ. ಟಯರು ಸರಿದು ಕಿರಣ ಬಿಟ್ಟೊಡನೆ ಎಣಿಕೆ ಮೊದಲಾಗುತ್ತದೆ. ಗಾಲಿ ಮುಂದಕ್ಕೆ ಉರುಳುವ ಮೊದಲೇ ನೆಟ್ಟಗೆ ಮೇಲಕ್ಕೆ ಎದ್ದರೆ, ಕಾರು ಹೊರಡುವ ಮುನ್ನವೇ ಗಡಿಯಾರ ಹೊರಟಿರುತ್ತದೆ!

ಹಾಗಾದರೆ ಸ್ಪ್ರಿಂಗೇ ಇಲ್ಲದ ಕಾರುಗಳಿಲ್ಲವೆ? ಇವೆ. ‘ಟಾಪ್ ಫ್ಯುಯೆಲ್’ ಎಂಬ ಅತಿ ವೇಗದ ವರ್ಗದ ಕಾರುಗಳಿಗೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಆದರೆ ಅವುಗಳ ಅಚ್ಚುಗಳ ನಡುವೆ 300 ಇಂಚು, ಎಂದರೆ 25 ಅಡಿ ದೂರ; ಆ ಉದ್ದನೆಯ ಕೊಳವೆಯ ಚಾಸಿಯೇ ಬಿಲ್ಲಿನಂತೆ ಬಾಗಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಅದನ್ನು ತೋರಿಸಿ ಒಂಬತ್ತು ಅಡಿಯ ಗಿಡ್ಡ ಕಾರಿನ ಸ್ಪ್ರಿಂಗು ಕೀಳುವುದು ಸಲ್ಲದು.

ನಮ್ಮ ಕಡೆಯ ಮಾತಿಗೆ ಬರೋಣ. 2023ರಲ್ಲಿ ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಮರೆಯಾದ ಪದ್ಮಿನಿಯೂ, ನಮ್ಮ ಹಳೆಯ ಅಂಬಾಸಿಡರೂ ಹಿಂದಿನ ಗಾಲಿಯಿಂದ ಓಡಿದ ಕಾರುಗಳೇ. ಈಗಿನ ಹೆಚ್ಚಿನ ಚಿಕ್ಕ ಕಾರುಗಳಿಗೆ ಮುಂದಿನ ಗಾಲಿಯೇ ಎಳೆಯುವ ಗಾಲಿ. ಅವುಗಳಲ್ಲಿ ಮೂತಿ ಎದ್ದಷ್ಟೂ ನಷ್ಟ. ಮೇಲೆ ಹೇಳಿದ ಉಪಾಯಗಳನ್ನು ಅವಕ್ಕೆ ಹಚ್ಚಬಾರದು. ಗಿರಾಕಿಗಳು ಪಂದ್ಯದ ಕಾರಿನ ಠೀವಿ ಬೇಕೆಂದು ಮುಂದಿನ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿಕೊಡಲು ಕೇಳುತ್ತಾರೆಂದು ಗ್ಯಾರೇಜಿನ ಹುಡುಗರು ಹೇಳುತ್ತಾರೆ. ಕತ್ತರಿಸಿದ ಸ್ಪ್ರಿಂಗು ಮೆತ್ತಗಾಗುವುದಿಲ್ಲ, ಇನ್ನಷ್ಟು ಬಿರುಸಾಗುತ್ತದೆ. ಗಾಲಿ ಪೂರ್ತಿ ಜೋತಾಗ ತನ್ನ ಕೂರುಬಟ್ಟಲಿನಿಂದ ಜಾರಿಬಿಡಲೂಬಹುದು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರಸ್ತೆಯಲ್ಲಿ ವೇಗದ ಪಂದ್ಯ ಹೂಡುವುದು 189ನೆಯ ಕಲಮಿನ ಪ್ರಕಾರ ಅಪರಾಧ. ಓಡಿಸಿದವನ ಜತೆಗೆ ಓಡಿಸಲು ಬಿಟ್ಟವನೂ ಅದಕ್ಕೆ ಗುರಿಯಾಗುತ್ತಾನೆ.