ಎರಡನೆಯ ತರಗತಿಯ ಮೊದಲ ವಾರಗಳು

ಮುಂಗಾರಿನೊಡನೆ ನಮ್ಮ ನಾಡಿನ ಶಾಲೆಗಳು ತೆರೆಯುತ್ತವೆ. ಎರಡನೆಯ ತರಗತಿಗೆ ಕಾಲಿಟ್ಟ ಮಗುವಿನ ಕೈಗೆ ಹೊಸ ಪುಸ್ತಕ ಬಂದರೂ ಮೊದಲು ನಡೆಯುವುದು ಹಳೆಯ ಪಾಠದ ಮೆಲುಕು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಇದಕ್ಕೆ ‘ಸೇತುಬಂಧ’ವೆಂದು ಹೆಸರು. ಬೇಸಿಗೆಯ ಬಿಡುವಿನಲ್ಲಿ ಮಸುಕಾದುದನ್ನು ತಿದ್ದಿ ಮುಂದಕ್ಕೆ ದಾಟಿಸುವ ಈ ಕಾರ್ಯವನ್ನು ತಂದೆತಾಯಿಗಳು ಕಾಲಹರಣವೆಂದು ಭಾವಿಸಬಾರದು.

ಕನ್ನಡದಲ್ಲಿ ಕಾಗುಣಿತ ದೃಢವಾದ ಮೇಲೆಯೇ ಒತ್ತಕ್ಷರ ಸುಲಭವಾಗುವುದು. ‘ಹತ್ತು’ ಎಂಬುದನ್ನು ‘ಹತು’ ಎಂದು ಬರೆದ ಮಗು ದಡ್ಡ ಮಗುವಲ್ಲ. ಆ ಒತ್ತು ಅದರ ಕಿವಿಗೆ ಇನ್ನೂ ಸ್ಪಷ್ಟವಾಗಿಲ್ಲ, ಅಷ್ಟೆ. ಗಣಿತದಲ್ಲಿಯೂ ಹಾಗೆಯೇ. ಹತ್ತು ಕಡ್ಡಿಗಳನ್ನು ಸೇರಿಸಿ ಕಟ್ಟು ಮಾಡಿದ ಮಗುವಿಗೆ, 38ಕ್ಕೆ 7 ಕೂಡಿಸಿದಾಗ ಮೂರು ಹತ್ತುಗಳು ನಾಲ್ಕಾದುದೇಕೆಂದು ತಾನಾಗಿ ತಿಳಿಯುತ್ತದೆ. ಈ ಅರಿವಿಲ್ಲದೆ ಬಾಯಿಪಾಠ ಮಾಡಿದ ಲೆಕ್ಕ ಮುಂದೆ ಎಡವಿಸುತ್ತದೆ. ಪರಿಸರ ಅಧ್ಯಯನವು ಕುಟುಂಬ, ಆಹಾರ, ನೀರುಗಳನ್ನು ಕುರಿತದ್ದು. ಮನೆಗೆ ದಿನವೂ ಎಷ್ಟು ಕೊಡ ನೀರು ಬೇಕಾಯಿತೆಂದು ಮಗು ಎಣಿಸಿ, ಬರೆದು, ಓದಿ ಹೇಳಿದರೆ ಮೂರು ವಿಷಯಗಳೂ ಒಂದಾಗುತ್ತವೆ.

2020ರ ಶಾಲಾಚೀಲ ನೀತಿಯು ಎರಡನೆಯ ತರಗತಿಯವರೆಗೆ ಗೃಹಪಾಠ ಬೇಡವೆಂದಿದೆ. 2021ರಲ್ಲಿ ಆರಂಭವಾದ ‘ನಿಪುಣ್ ಭಾರತ್’ ಯೋಜನೆಯು ಅರ್ಥವರಿತ ಓದಿಗೂ ಮೂಲ ಲೆಕ್ಕಕ್ಕೂ ಮೂರನೆಯ ತರಗತಿಯ ಕೊನೆಯವರೆಗೆ ಅವಕಾಶವಿತ್ತಿದೆ. ಹೀಗಿರುವಾಗ ಜೂನ್ ತಿಂಗಳಲ್ಲಿಯೇ ನೆರೆಮನೆಯ ಮಗುವಿನೊಡನೆ ಹೋಲಿಸಿ ಗದರುವುದು ತರವಲ್ಲ. ಸಂಜೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು ಓದಿಸಿರಿ, ತಡವರಿಸಿದೆಡೆ ಕಾಯಿರಿ. ಕಲಿಯಬಲ್ಲೆನೆಂಬ ಧೈರ್ಯ ಈ ವಯಸ್ಸಿನಲ್ಲಿ ಮುರಿದರೆ ಅದನ್ನು ಮರಳಿ ಕಟ್ಟುವುದು ಕಷ್ಟ.